ಎಡತೋಳಿನ ಕೆಂಪು ಗೆರೆ

ಆಯುಧಪೂಜೆ ಮುಗಿದು ಮೂರು ದಿನವಾದರೂ ಫೋರ್ಕ್‌ಲಿಫ್ಟಿನ ಭಾರ ಎತ್ತುವ ಎಡತೋಳಿನ ಮೇಲೆ ಆ ಕೆಂಪು ಗೆರೆ ಹಾಗೆಯೇ ಇತ್ತು. ಡ್ರೈವರ್ ಪೂವಪ್ಪ ಅದನ್ನು ಚಿಮಿಣಿ ಎಣ್ಣೆ ಹಾಕಿ ಉಜ್ಜಿದ್ದ, ಒಂದಲ್ಲ, ನಾಲ್ಕು ಸಲ. ಉಜ್ಜಿದಾಗ ಉಕ್ಕು ಫಳಫಳ ಹೊಳೆಯುತ್ತಿತ್ತು. ಒಂದೆರಡು ಲೋಡು ಎತ್ತಿ ಇಳಿಸುವಷ್ಟರಲ್ಲಿ, ತೋಳು ಬಾಗುವ ಜಾಗದಲ್ಲಿ, ಕೂದಲೆಳೆಯಷ್ಟು ಸಪೂರಕ್ಕೆ ಅದು ಮತ್ತೆ ಒಸರುತ್ತಿತ್ತು.

ಪಣಂಬೂರಿನ ಆ ಗೊಬ್ಬರದ ಗೋದಾಮಿನಲ್ಲಿ ಎಲ್ಲರಿಗೂ ಅದೊಂದು ಸೋಜಿಗ. "ದೇವಿ ಕುಂಕುಮ ಬಿಡ್ಲಿಕ್ಕೆ ಒಪ್ಪುದಿಲ್ಲ ಮಾರಾಯ, ಒಳ್ಳೇದೇ," ಎಂದು ಲೋಡರ್ ಮುದ್ದು ಕೈಮುಗಿದಿದ್ದ. ಪೂವಪ್ಪ ಕೈಮುಗಿಯಲಿಲ್ಲ. ಇಪ್ಪತ್ತು ವರ್ಷ ಗಾಡಿ ಓಡಿಸಿದವನಿಗೆ ತಿಳಿಯದೇ? ಪೂಜೆಯ ದಿನ ಹಚ್ಚಿದ್ದು ಎಣ್ಣೆಯಲ್ಲಿ ಕಲಸಿದ ಕುಂಕುಮ. ಅದು ತೋಳಿನ ಸಣ್ಣ ಬಿರುಕಿನೊಳಗೆ ಇಳಿದಿತ್ತು, ಭಾರ ಬಿದ್ದಾಗಲೆಲ್ಲ ಹೊರಗೆ ಬರುತ್ತಿತ್ತು. ಬಿರುಕು ಬಂದದ್ದು ಹೇಗೆಂಬುದೂ ಗೊತ್ತಿತ್ತು. ಚೀಲ ಪೇರಿಸುವ ಪ್ಯಾಲೆಟ್ಟು ಸಿಕ್ಕಿಬಿದ್ದರೆ ಅದನ್ನು ಒಂದೇ ತೋಳಿನ ತುದಿಯಿಂದ ಮೀಟಬೇಡಿ, ತೋಳನ್ನು ನೆಲಕ್ಕೆ ಉಜ್ಜಿಕೊಂಡು ಹೋಗಬೇಡಿ ಎಂದು ಸೇಫ್ಟಿ ಆಫೀಸರ್ ಡ್ಯಾಫ್ನಿ ದಿನಾ ಬಡಿದುಕೊಳ್ಳುತ್ತಿದ್ದಳು. ಪೂವಪ್ಪ ಮಹಾಶಯ ಎರಡನ್ನೂ ಮಾಡಿದ್ದ, ಅದೂ ಲೋಡರುಗಳಿಂದ ಚಪ್ಪಾಳೆ ಗಿಟ್ಟಿಸಿಕೊಂಡು. ಈಗ ಬಾಯಿಬಿಟ್ಟರೆ ಮರ್ಯಾದೆ ಹೋಗುತ್ತದೆ! ಬೋಳಾರದ ಮನೆಯಲ್ಲಿ ಊಟಕ್ಕೆ ಕೂತರೆ ಬಟ್ಟಲಿನ ಅಂಚಿನಲ್ಲೂ ಅವನಿಗೆ ಆ ಗೆರೆಯೇ ಕಾಣುತ್ತಿತ್ತು.

ಆ ಮಧ್ಯಾಹ್ನ ಒಂದು ಟನ್ ಗೊಬ್ಬರದ ಚೀಲಗಳನ್ನು ಎತ್ತುವಾಗ, ಇಂಜಿನ್ನಿನ ಸದ್ದಿನ ನಡುವೆ, ಯಾರೋ ಹಲ್ಲು ಕಡಿದಂತೆ ಕೇಳಿಸಿತು. ಪೂವಪ್ಪ ಬಗ್ಗಿ ನೋಡಿದ. ತೋಳಿನ ಬದಿಯಲ್ಲಿ ಗೆರೆ ಮೆಲ್ಲಗೆ ಅಗಲವಾಗುತ್ತಿತ್ತು. ಕೆಳಗೆ ಮುದ್ದು ಕತ್ತೆತ್ತಿ ಕೈಸನ್ನೆ ಮಾಡುತ್ತಿದ್ದ. ಪೂವಪ್ಪ ಕೂಗಿದ.

"ಮುದ್ದೂ, ಅಲ್ಲಿಂದ ಆಚೆ ಹೋಗು!"

"ಎಂತ ಆಯ್ತು?"

"ಹೋಗು ಮಾರಾಯ, ಓಡು!"

ಮುದ್ದು ಗೊಣಗುತ್ತ ಸರಿದ. ಪೂವಪ್ಪ ಲೋಡನ್ನು ಇಂಚಿಂಚಾಗಿ ಇಳಿಸತೊಡಗಿದ. ಅರ್ಧ ದಾರಿಯಲ್ಲಿ ತೋಳು ಮುರಿಯಿತು. ಚೀಲಗಳು ಮುದ್ದು ನಿಂತಿದ್ದ ಜಾಗದ ಮೇಲೆಯೇ ಧೊಪ್ಪನೆ ಬಿದ್ದವು.

ಡ್ಯಾಫ್ನಿ ಓಡಿಬಂದಳು. ಅವಳು ಕೇಳುವ ಮೊದಲೇ ಪೂವಪ್ಪ ಹೇಳಿಬಿಟ್ಟ: "ನಂದೇ ತಪ್ಪು ಮೇಡಂ. ಬಿರುಕು ಉಂಟು ಅಂತ ಮೂರು ದಿನದಿಂದ ನಂಗೆ ಗೊತ್ತಿತ್ತು."

ಬೈಗುಳಕ್ಕೆ ತಲೆತಗ್ಗಿಸಿ ಕಾದ. ಆದರೆ ಮಾತಾಡಿದ್ದು ಮುದ್ದು, ತೀರಾ ಮೆಲ್ಲಗೆ.

"ನಿನ್ನೆ ನೀನು ಲೋಡನ್ನು ಮೇಲೆ ಎತ್ತಿದ ಹಾಗೆಯೇ ಬಿಟ್ಟು ಊಟಕ್ಕೆ ಇಳಿದದ್ದು. ನಾನು ಅದರ ಅಡಿಯಲ್ಲಿ ಕೂತಿದ್ದೆ. ನೀನು ಎದುರು ಕೂತು ನಂಗೆ ಉಪ್ಪಿನಕಾಯಿ ಬಡಿಸಿದ್ದಿ, ಪೂವಪ್ಪ."