ಕೂತೇ ಹೋದ ಚನ್ನವೀರ

ಬಸಲಿಂಗವ್ವ ಒಂದೇ ಎಳೆತಕ್ಕೆ ಹೊದಿಕೆ ಕಿತ್ತು ಗ್ಯಾರೇಜಿನ ಮೂಲೆಗೆ ಎಸೆದಳು. ಹಸಿರು ಪಾಂಟಿಯಾಕ್ ಕಾರು ಬೆಳಕಿಗೆ ಬಂತು.

"ಅವ್ವಾ, ಬ್ಯಾಡ," ಎಂದ ಮಗ ಕೇದಾರ. "ಶವದ ಗಾಡಿ ಬಂದು ಹೊರಗ ನಿಂತದ. ಮಂದಿ ಏನಂದಾರು?"

"ಅದರಾಗ ನಿಮ್ಮಪ್ಪನ್ನ ಉದ್ದಕ ಮಲಗಿಸಿ ಒಯ್ತಾರ. ಅವರೇನು ಸರಕೇನೋ?"

ಅವರ ಪೈಕಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗವಿಟ್ಟು, ರುಮಾಲು ಸುತ್ತಿ, ಊರವರೆಲ್ಲ ಮುಖ ನೋಡುವ ಹಾಗೆ ಕೂಡಿಸಿಯೇ ಒಯ್ಯುವುದು. ಈ ಪರದೇಶದ ಸ್ಮಶಾನದಲ್ಲಿ ಕೂಡಿಸಿ ಹೂಳುವಂಥ ಕುಣಿ ಸಿಕ್ಕಿರಲಿಲ್ಲ. ಮಲಗಿಸಿ ಹೂಳಲು ಬಸಲಿಂಗವ್ವ ಹಲ್ಲು ಕಚ್ಚಿ ಹೂಂ ಅಂದಿದ್ದಳು. ದಾರಿಯಲ್ಲಿ ಕೂಡಿಸಿ ಒಯ್ಯುವುದನ್ನೂ ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಹಿರಿಯ ಚನ್ನಮಲ್ಲಪ್ಪ ಮುಂದೆ ಬಂದರು. ಅಲ್ಲಿನ ಕನ್ನಡಿಗರಲ್ಲಿ ಯಾರ ಮನೆಯಲ್ಲಿ ಏನಾದರೂ ಶಾಸ್ತ್ರ ಹೇಳುವವರು ಅವರೇ. "ತಂಗೀ, ಇದು ನಮ್ಮೂರಲ್ಲ. ಪೊಲೀಸರು ಹಿಡದ್ರ?"

"ಹಿಡೀಲಿ ಬಿಡ್ರಿ ಅಣ್ಣಾ. ಸತ್ತವರಿಗೆ ಇನ್ನೇನು ಶಿಕ್ಷೆ ಕೊಡ್ತಾರ?"

ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದರು.

ಶವದ ಗಾಡಿಯ ಜೊತೆ ಬಂದಿದ್ದ ಹೆಲೆನ್ ಕಾರಿನ ಸುತ್ತ ಒಂದು ಸುತ್ತು ಹಾಕಿದಳು. ಹೋದ ವರ್ಷ ಒಬ್ಬ ರೈತನನ್ನು ಅವನದೇ ಯೂಟ್‌ನ, ಅಂದರೆ ಹಿಂದೆ ಸರಕು ಹೇರುವ ತೆರೆದ ಗಾಡಿಯ, ಹಿಂಭಾಗದಲ್ಲಿ ಹಾಕಿಕೊಂಡು ಹೋಗಿದ್ದೆವು ಎಂದಳು. ಮೈಯ ಬಿಗಿತ ಇಳಿದಿದೆ, ಕೂಡಿಸಬಹುದು, ಬೆಲ್ಟ್ ಮಾತ್ರ ಹಾಕಲೇಬೇಕು.

ಕೇದಾರನಿಗೆ ಇನ್ನು ಒಂದೇ ಮಾತು ಉಳಿದಿತ್ತು. "ಓಡಸೂರು ಯಾರು? ಇದು ಕ್ಲಚ್ ಗಾಡಿ. ನನಗ ಬರೂದಿಲ್ಲ. ಅಪ್ಪ ಯಾರಿಗೂ ಕಲಿಸಿಲ್ಲ."



*

ಬಸಲಿಂಗವ್ವನ ಗಂಡ ಚನ್ನವೀರ ವಿಮಾನ ನಿಲ್ದಾಣದ ಸರಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಮೇಲಿನವರು ಬೈದರೆ 'ಎಸ್', ಕೆಳಗಿನವರು ಬೈದರೆ 'ಸಾರಿ'. ನಡೆಯುವಾಗಲೂ ತಲೆ ಕೆಳಗೆ. ಅಂಥವನು ಒಂದು ದಿನ ಈ ಅಮೆರಿಕದ ಗಾಡಿಯನ್ನು ಕೊಂಡು, ಅಕ್ಕಪಕ್ಕದ ಕಿಟಕಿ ಗಾಜು ನಡುಗಿಸುತ್ತ ಫ್ಲ್ಯಾಟ್ ಬುಷ್ ಬಡಾವಣೆಯ ತನ್ನ ಮನೆ ಮುಂದೆ ನಿಲ್ಲಿಸಿದ.

"ಅರವತ್ತೊಂಬತ್ತರ ಜಿಟಿಒ," ಎಂದ. ಬೆನ್ನು ನೆಟ್ಟಗಾಗಿತ್ತು. "ಆರೂವರೆ ಲೀಟರ್ ಎಂಜಿನ್. ಎಂಟು ಸಿಲಿಂಡರ್. ಮುನ್ನೂರೈವತ್ತು ಕುದುರಿ ಬಲ. ಇಲ್ನೋಡು, ಎಂಜಿನ್ ಎಷ್ಟು ಸುತ್ತು ತಿರಗತದ ಅಂತ ತೋರಸೂ ಮುಳ್ಳು ಒಳಗಿಲ್ಲ, ಬಾನೆಟ್ ಮ್ಯಾಲದ!" ಮುಂದಿನ ಬಂಪರ್ ಗುದ್ದಿದರೂ ತಗ್ಗು ಬೀಳುವುದಿಲ್ಲ ಎಂದು ಸುತ್ತಿಗೆ ತಂದು ಹೊಡೆದೇ ತೋರಿಸಿದ.

"ಇಷ್ಟು ಕುದುರಿ ಕಟ್ಟಿಕೊಂಡು ನೀವು ಹೋಗೂದೆಲ್ಲಿಗೆ, ಪಾಪಟೋಟೊಯಿ ಪ್ಯಾಟಿಗೆ ಕೊತ್ತಂಬರಿ ತರಾಕ!" ಎಂದಳು ಬಸಲಿಂಗವ್ವ.

ಒಂದು ಭಾನುವಾರ ಅವನು ಅವಳನ್ನು ತಕಾನಿನಿಯ ಆಚೆ, ಮನೆಗಳಿನ್ನೂ ಏಳದ ಹೊಸ ರಸ್ತೆಗೆ ಕರೆದೊಯ್ದ. ಇಳಿದು ಬಾಗಿಲು ತೆರೆದು ಹಿಡಿದ.

"ನೀ ಓಡಸು."

"ನಾನ?"

"ಕ್ಲಚ್ ಭಾಳ ಗಟ್ಟಿ ಅದ. ನಿನ್ನಂಗ."

ಗಾಡಿ ಜಿಗಿಯಿತು, ಕೆಮ್ಮಿತು, ಸತ್ತಿತು. ಅವಳು ಗಾಡಿಗೂ ಅವನಿಗೂ ಸೇರಿಸಿ ಬೈದಳು. ಅವನು ಏರುದನಿಯಲ್ಲಿ ಮಾತಾಡಲಿಲ್ಲ. ಹಲವು ಭಾನುವಾರಗಳಾದ ಮೇಲೆ ಮೂರನೇ ಗೇರಿಗೆ ಹಾಕಿ ಕಾಲು ಒತ್ತಿದಾಗ ಸೀಟು ಬೆನ್ನಿಗೆ ಗುದ್ದಿತು, ಸೆರಗು ಹಾರಿತು, ಅವಳು ಊರೇ ಕೇಳುವಂತೆ ಕೂಗಿದಳು.

"ಹುಡುಗರಿಗೆ ಹೇಳಬ್ಯಾಡ," ಎಂದ ಚನ್ನವೀರ. "ತಮಗೂ ಕೊಡು ಅಂತಾರ."

*

ಬಸಲಿಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಕಾರಿನ ಮಡಚೂ ಟಾಪು ಇಳಿಸ್ರಿ. ನಾ ಓಡಸ್ತೀನಿ."

"ಮಮ್, ಯೂ?" ಎಂದಳು ಮಗಳು ಶರಣ್ಯಾ. ಆಮೇಲೆ ನಿಧಾನಕ್ಕೆ, "ಡು ಇಟ್, ಮಮ್," ಎಂದಳು.

ನಾಲ್ಕು ಜನ ಚನ್ನವೀರನನ್ನು ಎತ್ತಿ, ರೂಢಿಯಂತೆ ಎಡಗಡೆ ಬಾಗಿಲಿಗೆ ಒಯ್ದರು. ಅಲ್ಲಿ ಸ್ಟಿಯರಿಂಗು!

"ಏ, ಆ ಕಡೆ! ಅಮೆರಿಕದ ಗಾಡಿ, ಓಡಸೂರು ಎಡಕ್ಕ!" ಎಂದು ಚನ್ನಮಲ್ಲಪ್ಪ ಕೂಗಿದರು. "ಅವನ್ನೇ ಓಡಸಾಕ ಕೂಡಸ್ತೀರೇನು?"

ಈ ಸಲ ಎಲ್ಲರೂ ನಕ್ಕರು. ಕೇದಾರನೂ ಅಳುತ್ತಲೇ ನಕ್ಕ. ಅಪ್ಪನನ್ನು ಬಲಗಡೆಯ ಅಗಲ ಸೀಟಿನಲ್ಲಿ ಕಾಲು ಮಡಚಿ ಕೂಡಿಸಿ, ಬೆಲ್ಟನ್ನು ತಾನೇ ಬಿಗಿದ. ರುಮಾಲು ನೆಟ್ಟಗೆ ಮಾಡಿದ.

ಎಂಜಿನು ಒಮ್ಮೆ ಗುರುಗುಟ್ಟಿ ಗರ್ಜಿಸಿತು. ಬೀದಿಯ ನಾಯಿಗಳೆಲ್ಲ ಬೊಗಳಿದವು. ಹಿಂದೆ ಖಾಲಿ ಶವದ ಗಾಡಿ, ಅದರ ಹಿಂದೆ ಉಳಿದವರ ಕಾರುಗಳು.

ಪಾಪಟೋಟೊಯಿಯ ದೊಡ್ಡ ಬೀದಿಯಲ್ಲಿ ಅಂಗಡಿಯವರು ಹೊರಗೆ ಬಂದು ಕೈಮುಗಿದರು. ತರಕಾರಿಯಂಗಡಿಯ ಚಂಪಾ ಓಡಿ ಬಂದು ಸೇವಂತಿಗೆ ಮಾಲೆ ಹಾಕಿದಳು. "ನೋಡ್ರಿ, ಎಲ್ಲಾರೂ ಬಂದಾರ," ಎಂದಳು ಬಸಲಿಂಗವ್ವ ಪಕ್ಕಕ್ಕೆ ನೋಡದೆ.

ಮುಂದಿನ ಸಿಗ್ನಲಿನಲ್ಲಿ ಕೆಂಪು. ಬಲಗಡೆಗೆ ಒಂದು ಯೂಟ್ ಬಂದು ನಿಂತಿತು. ಅದನ್ನು ಓಡಿಸುತ್ತಿದ್ದ ಕಪ್ಪು ಕನ್ನಡಕದ ಬಿಳಿಯ ತರುಣ ಈಚೆಯ ಕಿಟಕಿಯತ್ತ ಬಾಗಿ ಚನ್ನವೀರನನ್ನು ನೋಡಿದ. ಈ ದೇಶದಲ್ಲಿ ಬಲಕ್ಕೆ ಕೂತವನೇ ಗಾಡಿಯ ಒಡೆಯ.

"ನೈಸ್ ಕಾರ್, ಮೇಟ್! ಎಷ್ಟು ಓಡುತ್ತೆ?" ಎಂದು ಇಂಗ್ಲಿಷಿನಲ್ಲಿ ಕೂಗಿದ.

ಚನ್ನವೀರ ಉತ್ತರ ಕೊಡಲಿಲ್ಲ. ಯೂಟ್‌ನವನು ನಕ್ಕು, ಪಂದ್ಯಕ್ಕೆ ಕರೆಯುವಂತೆ ತನ್ನ ಎಂಜಿನನ್ನು ಎರಡು ಸಲ ರೇಗಿಸಿದ.

ಬಸಲಿಂಗವ್ವನ ಎಡಗಾಲು ಕ್ಲಚ್ಚಿನ ಮೇಲೆ ಗಟ್ಟಿಯಾಯಿತು. ಹಸಿರು ಬಿತ್ತು. ಬಾನೆಟ್ಟಿನ ಮೇಲಿನ ಮುಳ್ಳು ಸರ್ರನೆ ಏರಿತು, ಸೇವಂತಿಗೆ ಎಸಳುಗಳು ಹಿಂದಕ್ಕೆ ಹಾರಿದವು. ಯೂಟ್‌ನವನು ಸೋತು, ಹೆಬ್ಬೆರಳೆತ್ತಿ ಸಲಾಮು ಹೊಡೆದ. ಚನ್ನವೀರ ಅವನತ್ತ ತಿರುಗಿಯೂ ನೋಡದೆ, ಎದೆಯೆತ್ತಿ ಕೂತು, ಮುಂದೆ ಹೋಗಿಬಿಟ್ಟ.