ಎರಡು ಸಲ ಇಳಿದ ಎಂಜಿನ್

ಹುಲಗಪ್ಪ ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ. ಹೆಂಡತಿಯ ಚಟ್ಟವನ್ನು ಗಂಡ ಕಟ್ಟಬಾರದೆಂದು ಹಿರಿಯರು ಎರಡು ಸಲ ಹೇಳಿದರೂ ಕೇಳಿರಲಿಲ್ಲ. "ಗಂಟು ಸಡ್ಲ ಆದ್ರ ಆಕಿ ಬೈತಾಳ" ಎಂದು ಹಲ್ಲು ಕಚ್ಚಿ ಎಳೆದು ಇನ್ನೊಂದು ಸುತ್ತು ಹಾಕಿದ.

ಪಡಸಾಲೆಯಲ್ಲಿ ತಿಮ್ಮವ್ವನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ಕುಂಕುಮ, ಕೈ ತುಂಬ ಬಳೆ, ಮುತ್ತೈದೆಯಾಗಿ ಹೋದವಳು. ಮಗಳು ಬಾಲಮ್ಮ ತಾಯಿಗೆ ಹಸಿರು ಸೀರೆ ಹೊದಿಸುವಾಗ ಅದರ ಒಳಮೈ ಮೇಲೆ ಬಂದಿತ್ತು. ನೆರೆಮನೆಯ ಮಲಕಮ್ಮ ಕಣ್ಣೊರೆಸಿಕೊಳ್ಳುತ್ತಲೇ ಅಂದಳು:

"ಸೀರಿ ಉಲ್ಟಾ ಆಗ್ಯಾದ ನೋಡವ್ವ. ನಿಮ್ಮವ್ವನ ಪ್ಲೇಟ್ ಆತು ಇದು!"

ಅಳುತ್ತಿದ್ದ ಹೆಂಗಸರು ನಕ್ಕರು. ಅಂಗಳದಲ್ಲಿದ್ದ ಸರದಾರಸಾಬನೂ ನಕ್ಕ. ಅವನು ಹುಲಗಪ್ಪನ ಕೈಕೆಳಗೆ ಕೆಲಸ ಕಲಿತು, ಈಗ ಸುರಪುರದಲ್ಲಿ ಸ್ವಂತ ಗ್ಯಾರೇಜು ನಡೆಸುವವನು. ಯಾರು ಏನನ್ನು ತಿರುವುಮುರುವು ಕೂಡಿಸಿದರೂ "ತಿಮ್ಮವ್ವನ ಪ್ಲೇಟ್" ಎಂದು ಛೇಡಿಸುವುದು ಸುತ್ತಲಿನ ಗ್ಯಾರೇಜುಗಳಲ್ಲಿ ಮೂವತ್ತು ವರ್ಷಗಳ ರೂಢಿ.

"ಪಾಪ, ಅವ್ವ ಮಾಡಿದ್ದು ಒಂದ ತಪ್ಪು," ಎಂದ ಸರದಾರಸಾಬ. "ಅದೊಂದ ಮಂದಿ ನೆನಪಿಟ್ಟಾರ ನೋಡ್ರಿ ಉಸ್ತಾದ್."

ಹುಲಗಪ್ಪನ ಕೈ ನಿಂತಿತು. ಇನ್ನೊಂದು ತಾಸಿಗೆ ಅವಳು ಮಣ್ಣಿಗೆ ಹೋಗುತ್ತಾಳೆ. ಆ ಹೆಸರನ್ನು ಹೊತ್ತುಕೊಂಡೇ ಹೋಗುತ್ತಾಳೆ.

*

ಮೂವತ್ತು ವರ್ಷಗಳ ಹಿಂದೆ, ಕಾಲುವೆಗೆ ಮೊದಲ ನೀರು ಬಿಡುವ ಮುಂಚಿನ ಬೇಸಿಗೆ. ನಾರಾಯಣಪುರದ ಕಡೆಯಿಂದ ಕಾಲುವೆಯ ಕೆಲಸ ಊರ ಹತ್ತಿರ ಬಂದಿತ್ತು. ದಂಡೆಗೆ ಕಲ್ಲು ಸಾಗಿಸುವ ಕೆಲಸ ಹುಲಗಪ್ಪನ ಹಳೇ ಲಾರಿಗೆ ಸಿಕ್ಕ ಎಂಟನೇ ದಿನಕ್ಕೆ ಎಂಜಿನ್ ಸೀಜಾಗಿ ಕಚ್ಚಿಕೊಂಡು ನಿಂತಿತು. ಯಾದಗಿರಿಯ ಗುಜರಿಯಿಂದ ಇನ್ನೊಂದು ಎಂಜಿನ್ ತಂದು, ಗಂಡ ಹೆಂಡತಿ ಮನೆಯಂಗಳದಲ್ಲೇ ಕೆಲಸಕ್ಕೆ ನಿಂತರು.

ಮೂರು ಮರದ ಕಂಬಗಳನ್ನು ತುದಿಯಲ್ಲಿ ಕೂಡಿಸಿ ಕಟ್ಟಿ, ನಡುವೆ ಚೈನ್ ಪುಲ್ಲಿ ಇಳಿಬಿಟ್ಟು, ಕೆಟ್ಟ ಎಂಜಿನ್ನನ್ನು ಎತ್ತಿ ಹಿಡಿದು, ಕೆಳಗಿನ ಲಾರಿಯನ್ನೇ ಹಿಂದಕ್ಕೆ ತಳ್ಳಿದರು. ತಿಮ್ಮವ್ವ ಸಾರಿಸಿದ ನೆಲದ ಮೇಲೆ ರಂಗೋಲಿ ಪುಡಿಯಿಂದ ಎಂಜಿನ್ನಿನ ಆಕಾರ ಬರೆದಳು. ಯಾವ ಬೋಲ್ಟು ಎಲ್ಲಿಂದ ಬಂತೋ ಅದನ್ನು ಆ ಜಾಗದಲ್ಲೇ ಇಟ್ಟಳು. ಕ್ಲಚ್ ಪ್ಲೇಟಿನ ಒಂದು ಮುಖದ ನಡುವಿಗೆ ಕುಂಕುಮದ ಬೊಟ್ಟು ಹಚ್ಚಿದಳು.

ಮರುದಿನ ಕೂಡಿಸುವಾಗ ಅವಳು ಅಂದಳು, "ಬೊಟ್ಟಿನ ಮುಖ ನಿಮ್ಮ ಸೀಟಿನ ಕಡಿ ಇತ್ರಿ."

"ಮಷೀನಿಗೂ ಕುಂಕುಮ ಏನ? ಒಲಿ ನೋಡ್ಹೋಗು" ಎಂದು ಹುಲಗಪ್ಪ ಬೊಟ್ಟನ್ನು ಚಿಂದಿಯಿಂದ ಒರೆಸಿ, ತನಗೆ ತೋಚಿದಂತೆ ಪ್ಲೇಟು ಹಾಕಿದ.

ಎಂಜಿನ್ ಕೂತಿತು, ಶುರುವಾಯಿತು, ಗುಡುಗಿತು. ಗೇರು ಮಾತ್ರ ಬೀಳಲಿಲ್ಲ, ಕರ್ರೆಂದು ಕಿರುಚಿತು. ಅದೇ ಹೊತ್ತಿಗೆ ಗುತ್ತಿಗೆದಾರನ ಮೇಸ್ತ್ರಿ ಬಾಗಿಲಲ್ಲಿ ಬಂದು ನಿಂತ.

"ಪ್ಲೇಟ್ ಉಲ್ಟಾ ಕುಂತದ. ಯಾಂವ ಕೂಡಿಸ್ಯಾನಪ? ಇಷ್ಟೂ ಬರಲಾರದ ಡ್ರೈವರನ ಗಾಡಿ ನನಗ ಬ್ಯಾಡ."

ಹುಲಗಪ್ಪ ತಲೆ ಬಗ್ಗಿಸಿ ಚಿಂದಿಯಿಂದ ಕೈ ಒರೆಸಿಕೊಳ್ಳತೊಡಗಿದ. ಒಳಗಿನಿಂದ ತಿಮ್ಮವ್ವ ಹಿಟ್ಟಿನ ಕೈಯಲ್ಲೇ ಹೊರಬಂದಳು.

"ನಾನ್ರೀ. ಇವರು ಹೊರಗ ಹೋದಾಗ ಶ್ಯಾಣ್ಯಾಕಿ ಆಗಾಕ ಹೋಗಿ ನಾನ ತೂರಿಸಿಬಿಟ್ಟೆ."

ಮೇಸ್ತ್ರಿ ಹೊಟ್ಟೆ ಹಿಡಿದು ನಕ್ಕು ಒಂದು ದಿನದ ಗಡುವು ಕೊಟ್ಟ. ಎಂಜಿನ್ ಮತ್ತೆ ಇಳಿಯಿತು. ಈ ಸಲ ಪ್ಲೇಟು ಕೂಡಿಸಿದ್ದು ತಿಮ್ಮವ್ವನೇ. ಹುಲಗಪ್ಪ ಸ್ಪ್ಯಾನರ್ ಎತ್ತಿಕೊಡುತ್ತ ಕೂತ. ಲಾರಿ ಕೆಲಸಕ್ಕೆ ಹೋಯಿತು. ಮುಂದೆ ಅವನು ಗ್ಯಾರೇಜು ತೆರೆದ, ಉಸ್ತಾದನಾದ. ನಿಜ ಹೇಳಿಬಿಡುತ್ತೇನೆ ಎಂದಾಗಲೆಲ್ಲ ಅವಳದು ಒಂದೇ ಮಾತು: "ನಗಲಿ ಬಿಡ್ರಿ. ಮಂದಿ ನಕ್ರ ನನ್ನ ಮೈ ಸವೀತದೇನು?"

*

ಹುಲಗಪ್ಪ ಎದ್ದು ನಿಂತ.

"ಸರದಾರ, ಪ್ಲೇಟ್ ಉಲ್ಟಾ ಹಾಕಿದಾಂವ ನಾನು."

ಅವನ ಕೈಯಲ್ಲಿ ಕಲಿತವರೇ ಹತ್ತು ಮಂದಿ ಅಂಗಳದಲ್ಲಿದ್ದರು.

"ದುಃಖದಾಗ ಹಂಗ ಅನಸ್ತದ್ರಿ ಉಸ್ತಾದ್," ಎಂದ ಸರದಾರಸಾಬ.

"ದುಃಖ ಅಲ್ಲೋ ಮಾರಾಯ. ಆಕಿ ಗುರ್ತು ಹಾಕಿ ಕೊಟ್ಟಿದ್ಲು, ನಾ ಒರಸಿದೆ. ನನ್ನ ಮರ್ಯಾದಿ ಹೋಗಬಾರದಂತ ತಪ್ಪು ತನ್ನ ಮ್ಯಾಲ ಹಾಕ್ಕೊಂಡ್ಲು. ಬಿಚ್ಚಿದ್ದನ್ನ ನೆಲದ ಮ್ಯಾಲ ಬರದಿಡು ಅಂತ ನಿನಗ ಕಲಿಸಿದ್ನಲ್ಲ, ಅದೂ ಆಕಿದ. ನಿಮಗೆಲ್ಲಾ ಉಸ್ತಾದ್ ಆಕಿ."

ಮಲಕಮ್ಮ ಹೆಣದ ಗದ್ದ ಹಿಡಿದು ಅಳು ನಗು ಒಟ್ಟಿಗೇ ಮಾಡಿದಳು. "ಅಯ್ಯ ನನ್ನವ್ವ, ಮೂವತ್ತು ವರ್ಷ ನಮ್ಮನ್ನ ಪುಕ್ಸಟ್ಟೆ ನಗಿಸಿದೇನ?"

ಬಾಲಮ್ಮ ಅಪ್ಪನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ತಾಯಿಯ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು.

ಹಲಗೆ ಬಡಿಯುತ್ತ ಮೆರವಣಿಗೆ ಕಾಲುವೆಯ ದಂಡೆ ಹತ್ತಿತು. ಮುಂದಿನ ಹೆಗಲು ಸರದಾರಸಾಬನದು. ಮಾತು ಸಾಲಿನ ಉದ್ದಕ್ಕೂ ಹರಿಯಿತು. "ಉಸ್ತಾದನೇ ಉಲ್ಟಾ ಹಾಕಿದ್ನಂತಲೇ!" ಎಂದು ಮುಂದೆ ಯಾರೋ ಕಿಸಕ್ಕನೆ ನಕ್ಕರು. ಹಿಂದೆ ನಡೆಯುತ್ತಿದ್ದ ಹುಲಗಪ್ಪ ಆ ನಗು ಕೇಳಿ ರುಮಾಲು ಬಿಚ್ಚಿ, ಕೊಡವಿ, ಮದುವೆಗೆ ಹೊರಟವನಂತೆ ಎತ್ತರಕ್ಕೆ ಸುತ್ತಿಕೊಂಡ.

ಆಚೆ ದಡದ ಪಕ್ಕ ನೀರಿಗಿಳಿದು ಎಮ್ಮೆ ತೊಳೆಯುತ್ತಿದ್ದವನು ಕೂಗಿ ಕೇಳಿದ, "ಯಾರು ಹೋದ್ರಪೋ?"

"ತಿಮ್ಮವ್ವ!"

"ಯಾವ ತಿಮ್ಮವ್ವ?"

"ಎಂಜಿನ್ ಕೂಡಿಸಿದ ತಿಮ್ಮವ್ವ!" ಹತ್ತು ಬಾಯಿ ಒಟ್ಟಿಗೇ ಕೂಗಿದವು.

ಅವನು ನಡುಮಟ್ಟದ ನೀರಿನಲ್ಲಿ ನಿಂತು ಕೈಮುಗಿದ. ಎಮ್ಮೆಗಳು ಹರಿವಿನೊಡನೆ ಕೆಳಕ್ಕೆ ತೇಲಿಹೋಗುತ್ತಿದ್ದವು. ಚಟ್ಟ ದಾಟುವವರೆಗೂ ಅವನು ಎಮ್ಮೆಗಳ ಕಡೆ ತಿರುಗಲಿಲ್ಲ.