ಅರಿಶಿನ ಬಿದ್ದ ಸ್ವೀಡ್ ಪಟ್ಟಿಗಳು

2025ರ ಅಕ್ಟೋಬರ್ 1, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಸಮನ್ವಿತಾ ತಲೆಗೆ ಸುತ್ತಿದ್ದ ಟವಲು ಬಿಚ್ಚುತ್ತ ಮುಂದಿನ ಕೋಣೆಗೆ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಆಯುಧಪೂಜೆ ಆಗಿಹೋಗಿತ್ತು. ಚರ್ಮ ಕತ್ತರಿಸುವ ಕತ್ತಿಗೆ, ದಬ್ಬಳಕ್ಕೆ, ಮರದ ಸುತ್ತಿಗೆಗೆ, ಹೊಲಿಗೆ ಮಿಷನ್ನಿಗೆ, ಎಲ್ಲಕ್ಕೂ ಅರಿಶಿನ ಕುಂಕುಮ, ಮೇಲೊಂದೊಂದು ಸೇವಂತಿಗೆ. ಅಲ್ಲಿಗೇ ನಿಂತಿದ್ದರೆ ಸರಿಹೋಗುತ್ತಿತ್ತು. ಪಕ್ಕದ ತಟ್ಟೆಯಲ್ಲಿ ಸಾಲಾಗಿ ಮಲಗಿಸಿದ್ದ ಕೈಗಡಿಯಾರದ ಸ್ವೀಡ್ ಪಟ್ಟಿಗಳಿಗೂ, ಒಂದನ್ನೂ ಬಿಡದೆ, ನೀರಲ್ಲಿ ಕಲಸಿದ ಅರಿಶಿನದ ದಪ್ಪ ಬೊಟ್ಟು ಬಿದ್ದಿತ್ತು. ಬೊಟ್ಟಿನ ನಡುವೆ ಕುಂಕುಮ.

"ಅತ್ತಿಗೇ!"

ನಾಗಮಣಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದಳು. "ಹಬ್ಬದ ದಿನ ಯಾಕೆ ಹಂಗೆ ಕಿರುಚ್ತೀಯ? ಬೀದಿಯೋರೆಲ್ಲ ಕೇಳಿಸ್ಕೊಳ್ಳಲಿ ಅಂತಲಾ?"

"ಇವಕ್ಕೆ ಅರಿಶಿನ ಇಡಿ ಅಂತ ಯಾರು ಹೇಳಿದ್ದು ನಿಮಗೆ?"

"ನೀನೇ ಹೇಳಿದ್ದು. ಹೋದ ವರ್ಷ ನೆನಪಿಲ್ವಾ? ಮಿಕ್ಸಿಗೆ ಇಟ್ರಿ, ಸ್ಕೂಟರಿಗೆ ಇಟ್ರಿ, ನನ್ನ ಕೆಲಸ ಮಾತ್ರ ಕೀಳಾ ಅಂತ ವಾರಗಟ್ಲೆ ಮುಖ ಊದಿಸ್ಕೊಂಡು ಓಡಾಡಿದ್ಯಲ್ಲ. ಈ ಸಲ ತೃಪ್ತಿಯಾಗೋ ಹಂಗೆ ಇಟ್ಟಿದೀನಿ. ಅದಕ್ಕೂ ಜಗಳ ಅಂದ್ರೆ ನಾನೇನು ಮಾಡ್ಲಿ?"

"ಆಯುಧಕ್ಕೆ ಇಡಿ ಅಂದೆ, ಮಾರೋ ಮಾಲಿಗಲ್ಲ. ಬಟ್ಟೆ ಅಂಗಡಿಯೋರು ಸೀರೆಗೆಲ್ಲ ಅರಿಶಿನ ಬಳೀತಾರಾ?"

"ನನಗೇನಮ್ಮ ಗೊತ್ತು ತೊಗಲಿನ ಶಾಸ್ತ್ರ! ನಮ್ಮಪ್ಪ ಕಲಿಸ್ಲಿಲ್ಲ" ಎಂದು ನಾಗಮಣಿ ಸೌಟು ಝಾಡಿಸಿ ಒಳಗೆ ಹೋದಳು.

ಆ ಮನೆಯಲ್ಲಿ ಅತ್ತಿಗೆ ನಾದಿನಿಯರದು ಎಣ್ಣೆ ಸೀಗೆಕಾಯಿ ಸಂಬಂಧ. ಅಗ್ರಹಾರದ ಇಕ್ಕಟ್ಟು ಬೀದಿಯ ಹಳೇ ಮನೆ. ಬೆಳಕು ನೆಟ್ಟಗೆ ಬೀಳುವುದು ರಸ್ತೆಯ ಕಡೆಯ ಆ ಒಂದೇ ಕೋಣೆಗೆ. ಸಮನ್ವಿತಾ ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ಹೂಟಗಳ್ಳಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿದ್ದವಳು. ಅದು ಮುಚ್ಚಿದ ಮೇಲೆ ಈ ಕೋಣೆಯಲ್ಲಿ ಕೂತು ಸ್ವೀಡ್ ಪಟ್ಟಿ ಮಾಡತೊಡಗಿದಳು. ಸ್ವೀಡ್ ಎಂದರೆ ಚರ್ಮದ ಒಳಮೈಯನ್ನು ಉಜ್ಜಿ ಮಖಮಲ್ಲಿನಂತೆ ನವಿರು ಎಬ್ಬಿಸಿದ್ದು. ಉಜ್ಜಿದಾಗ ಏಳುವ ಧೂಳು ಕಣ್ಣಿಗೆ ಕಾಣದಿದ್ದರೂ ರೇಷ್ಮೆಗೆ ಅಂಟುತ್ತದೆ. ನಾಗಮಣಿಯದು ಸೀರೆಗೆ ಕುಚ್ಚು ಕಟ್ಟುವ ಕಸುಬು. ಗಿರಾಕಿಯೊಬ್ಬರು ಮಗಳ ಮದುವೆಯ ಸೀರೆಯನ್ನು ಕೊಡವಿ, ಮೂಗು ಮುಚ್ಚಿಕೊಂಡು ಹೋದ ದಿನದಿಂದ ಅವಳು ಕೋಣೆ ತನಗೆ ಬೇಕೆಂದು ಪಟ್ಟು ಹಿಡಿದಿದ್ದಳು. ಅಷ್ಟಕ್ಕೇ ನಿಲ್ಲಿಸದೆ, "ಅರಮನೆ ಲೆಕ್ಕ ಬರೀತಿದ್ದ ಮನೆತನದಲ್ಲಿ ತೊಗಲು ಕೆಲಸ" ಎಂದು ಸೇರಿಸುತ್ತಿದ್ದಳು. "ದೇವರ ಮನೇಲಿ ತಾತನ ಮೃದಂಗ ಇದೆಯಲ್ಲ, ಅದಕ್ಕೇನು ಬಾಳೆ ಎಲೆ ಮುಚ್ಚಿದಾರಾ?" ಎಂದು ಸಮನ್ವಿತಾ ತಿರುಗಿ ಕೇಳುತ್ತಿದ್ದಳು.

ನಡುವೆ ಅಡಕತ್ತರಿಯಲ್ಲಿ ಸಿಕ್ಕವನು ಪ್ರದ್ಯುಮ್ನ, ಒಬ್ಬಳಿಗೆ ಗಂಡ, ಇನ್ನೊಬ್ಬಳಿಗೆ ಅಣ್ಣ. ಅವನೊಂದು ತೀರ್ಪು ಕೊಟ್ಟಿದ್ದ. ವಾಚಿನ ಅಂಗಡಿಯ ಗೋವಿಂದರಾಜು ವಿಜಯದಶಮಿ ಬೆಳಿಗ್ಗೆ ಮಾಲು ನೋಡಲು ಬರುತ್ತಾರೆ. ಆ ದಿನ ಕೈ ಹಾಕಿದ ವ್ಯವಹಾರ ಕೈಗೂಡುತ್ತದೆಂಬುದು ಅವರ ನಂಬಿಕೆ. ಅವರು ಪಟ್ಟಿಗಳನ್ನು ಅಂಗಡಿಗೆ ತೆಗೆದುಕೊಂಡರೆ ಕೋಣೆ ತಂಗಿಗೆ. ತೆಗೆದುಕೊಳ್ಳದಿದ್ದರೆ ದೀಪಾವಳಿಯೊಳಗೆ ಖಾಲಿ ಮಾಡಿ ಹೆಂಡತಿಗೆ ಬಿಡಬೇಕು. ಇಬ್ಬರೂ ಒಪ್ಪಿದ್ದರು. ಆ ಮನೆಯಲ್ಲಿ ಅವರು ಒಮ್ಮತದಿಂದ ಒಪ್ಪಿದ ಮಾತು ಬಹುಶಃ ಅದೊಂದೇ.

ವಿಜಯದಶಮಿಗೆ ಇನ್ನೊಂದೇ ದಿನ. ಹೊಸದಾಗಿ ಚರ್ಮ ತರಿಸಿ, ಕತ್ತರಿಸಿ, ಹೊಲಿಯಲು ಹೊತ್ತಿರಲಿಲ್ಲ. ಸಮನ್ವಿತಾ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂತಳು. ಕುಂಕುಮ ಒಣಪುಡಿ, ರಬ್ಬರಿನ ಬ್ರಷ್ಷಿನಲ್ಲಿ ಒಂದೇ ದಿಕ್ಕಿಗೆ ಎಳೆದರೆ ಉದುರುತ್ತದೆ, ಉದುರಿತು. ಅರಿಶಿನ ಹಾಗಲ್ಲ. ನೀರಿನ ಜೊತೆ ನವಿರಿನ ಬುಡಕ್ಕೆ ಇಳಿದಿತ್ತು. ನಯವಾದ ಚರ್ಮವಾಗಿದ್ದರೆ ಒರೆಸಿ ಬಿಸಾಕಬಹುದಿತ್ತು. ಸ್ವೀಡಿಗೆ ಮೈಯೆಲ್ಲ ಬಾಯಿ, ಹಾಕಿದ್ದೆಲ್ಲ ಕುಡಿಯುತ್ತದೆ. ಆದರೆ ಅರಿಶಿನದ ಬಣ್ಣಕ್ಕೊಂದು ದೌರ್ಬಲ್ಯವಿದೆಯೆಂಬುದು ಅವಳಿಗೆ ಗೊತ್ತಿತ್ತು: ಬಿಸಿಲಿಗೆ ಅದು ನಿಲ್ಲುವುದಿಲ್ಲ. ಸ್ವೀಡನ್ನು ಬಿಸಿಲಿಗಿಡಬೇಡಿ ಎಂದು ಕಂಡಕಂಡವರಿಗೆಲ್ಲ ಬುದ್ಧಿ ಹೇಳುತ್ತಿದ್ದವಳು ಈಗ ತಟ್ಟೆ ಹಿಡಿದು ತಾರಸಿ ಹತ್ತಬೇಕಾಯಿತು.

ಪಟ್ಟಿಗಳು ಮೂರು ಬಣ್ಣದವು. ಮರಳಿನ ಬಣ್ಣದವು, ಬೂದಿಯವು, ಕಾಫಿಪುಡಿಯ ಕಂದಿನವು. ಕಂದು ಪಟ್ಟಿಗಳನ್ನು ಬ್ರಷ್ ಮಾಡಿ ಹೊರಳಿಸಿ ನೋಡಿದಳು. ಕಲೆಯ ಸುಳಿವೇ ಇರಲಿಲ್ಲ. ಅಬ್ಬ, ಇವಾದರೂ ಬದುಕಿದವು ಎಂದು ಅವನ್ನು ಡಬ್ಬಿಗೆ ಹಾಕಿಟ್ಟಳು. ಉಳಿದ ಎರಡು ಬಣ್ಣದವನ್ನು ತಾರಸಿಯ ಮೇಲೆ ಬಿಳಿ ಪಂಚೆ ಹಾಸಿ ಹರಡಿದಳು. ಮೋಡ ಬಂದು ಬಂದು ಹೋಗುತ್ತಿತ್ತು. ಕೆಳಗೆ ಬೀದಿಯಲ್ಲಿ ಬಾಳೆಕಂದು ಕಟ್ಟಿದ ಆಟೋಗಳ ಮುಂದೆ ಒಂದಾದ ಮೇಲೊಂದು ಬೂದುಗುಂಬಳ ಒಡೆಯುತ್ತಿದ್ದರು. ಪ್ರತಿ ಸಲ ಧಡ್ ಎಂದಾಗಲೂ ಅವಳಿಗೆ ಯಾರ ತಲೆಯ ನೆನಪಾಗುತ್ತಿತ್ತೋ, ಹೇಳುವುದು ಬೇಡ.

ಮಧ್ಯಾಹ್ನ ಕೆಳಗಿಳಿದಾಗ ಬಚ್ಚಲಿನಲ್ಲಿ ನೀರಿನ ಸದ್ದು. ನಾಗಮಣಿ ಕೂತು ಬಟ್ಟೆ ಸೋಪಿನಿಂದ ಏನನ್ನೋ ತಿಕ್ಕುತ್ತಿದ್ದಳು. ಅದು ಒಂದು ಬೂದಿ ಬಣ್ಣದ ಪಟ್ಟಿ. ನೊರೆ ರಕ್ತದ ಹಾಗೆ ಕೆಂಪಾಗಿತ್ತು.

"ಏನು ಮಾಡ್ತಿದೀರಿ!"

"ನಿಮ್ಮಣ್ಣ ಬೈದ್ರು. ತೊಳೆದುಕೊಡು ಅಂದ್ರು. ಕಿಟಕಿ ಹತ್ರ ಒಂದು ಬಿದ್ದಿತ್ತು, ತೊಳೀತಿದೀನಿ. ಇದೇನೇ ಇದು, ಹಿಂಗೆ ಕೆಂಪಾಯ್ತು? ಏನು ಹಾಕಿ ಮಾಡ್ತೀಯ ಇದನ್ನ?"

"ನಾನೇನೂ ಹಾಕಿಲ್ಲ. ನೀವು ಹಾಕಿದ್ದು. ಹಬ್ಬ ಹಬ್ಬಕ್ಕೂ ಆರತಿ ತಟ್ಟೇಲಿ ಅರಿಶಿನದ ನೀರಿಗೆ ಸುಣ್ಣ ಕದಡಿ ಕೆಂಪು ಮಾಡೋರು ಯಾರು? ಸುಣ್ಣ ಆದ್ರೇನು, ಸೋಪಾದ್ರೇನು?"

ನಾಗಮಣಿಯ ಮುಖ ಒಂದು ಗಳಿಗೆ ಪೆಚ್ಚಾಯಿತು. ಆದರೆ ಸೋಲು ಅವಳ ಜಾಯಮಾನದಲ್ಲಿರಲಿಲ್ಲ. ಪಟ್ಟಿಯನ್ನು ಹಿಂಡಿ ಬಕೆಟ್ಟಿನ ಅಂಚಿಗೆ ನೇತುಹಾಕಿ, "ಸರಿ, ಅದಕ್ಕೂ ಆರತಿ ಆಯ್ತು ಬಿಡು. ದೃಷ್ಟಿ ಹೋಯ್ತು" ಎಂದಳು.

"ಬೇಕಂತಲೇ ಮಾಡಿದೀರಿ. ಬೆಳಿಗ್ಗೆ ಮಾಡಿದ್ದೂ ಬೇಕಂತಲೇ."

"ಹೌದು ಕಣೇ, ಹೊತ್ತಾರೆ ಎದ್ದು, ಮಡಿ ಉಟ್ಕೊಂಡು, ನಿನ್ನ ಹಾಳು ಮಾಡೋಕೆ ಅಂತಲೇ ದೇವರ ಮುಂದೆ ಅರಿಶಿನ ಕಲಸಿದೆ. ಹೋಗು, ಹೇಳು ನಿಮ್ಮಣ್ಣಂಗೆ."

ಹಿಂಡಿದ ಪಟ್ಟಿ ಒಣಗುವ ಹೊತ್ತಿಗೆ ಒಣಗಿದ ಹಾಗಲಕಾಯಿಯ ಹೋಳಿನಂತೆ ಮುರುಟಿಕೊಂಡಿತ್ತು.

ಸಂಜೆ ತಾರಸಿಯಿಂದ ತಂದವನ್ನು ದೀಪದ ಕೆಳಗೆ ನೋಡಿದಳು. ಮರಳಿನ ಬಣ್ಣದವಕ್ಕೆ ಮೊದಲೇ ಬಣ್ಣ ಹಾಕಿದ್ದು ಇಲ್ಲವೆನ್ನುವಷ್ಟು ಕಡಿಮೆ. ಅರಿಶಿನ ಹೋಗಿ ಚರ್ಮದ ಸ್ವಂತ ಬಣ್ಣ ಉಳಿದಿತ್ತು. ಬೂದಿಯವು ಕೆಟ್ಟಿದ್ದವು. ಸುತ್ತಲಿನ ಬೂದಿ ಬಣ್ಣ ಬಿಸಿಲಿಗೆ ಮಾಸಿ, ಬೊಟ್ಟಿನ ಅಡಿ ಇದ್ದ ಜಾಗ ಮಾತ್ರ ಗಾಢವಾಗಿ, ಪಟ್ಟಿಯ ನಡುವೆ ಒಂದೊಂದು ಗುಂಡನೆಯ ನೆರಳು ಕೂತಿತ್ತು. ಅವನ್ನು ಪಕ್ಕಕ್ಕೆ ತಳ್ಳಿದಳು. ಹೋದರೆ ಹೋಗಲಿ. ಗೋವಿಂದರಾಜು ಕೇಳಿದ್ದು ಮುಖ್ಯವಾಗಿ ಕಂದು ಬಣ್ಣವನ್ನೇ. ಅವು ಡಬ್ಬಿಯಲ್ಲಿ ಭದ್ರವಾಗಿದ್ದವು.

ಮರುದಿನ ಜಂಬೂಸವಾರಿಗೆ ರಸ್ತೆ ಮುಚ್ಚುವ ಮುಂಚೆಯೇ ಗೋವಿಂದರಾಜು ಬಂದರು. ಜರಿ ಅಂಚಿನ ಬಿಳೀ ಪಂಚೆ, ಹಣೆಯಲ್ಲಿ ಗಂಧ. ಕೂರುವ ಮೊದಲೇ ಮಾತು ಶುರು ಮಾಡಿದರು.

"ನೋಡಮ್ಮ, ಮೊದಲೇ ಹೇಳ್ಬಿಡ್ತೀನಿ. ನನಗೆ ಈ ಸ್ವೀಡ್ ಗೀಡ್ ಮೇಲೆ ನಂಬಿಕೆ ಇಲ್ಲ. ನಮ್ಮ ಗಿರಾಕಿ ಬೆವರ್ತಾನೆ, ಮಳೇಲಿ ನೆನೀತಾನೆ, ಕೈ ತೊಳೆಯುವಾಗ ವಾಚು ಬಿಚ್ಚೋದಿಲ್ಲ. ಒಂದು ತಿಂಗಳಿಗೆ ನಾಯಿ ನೆಕ್ಕಿದ ಹಂಗಾಗುತ್ತೆ. ಆಮೇಲೆ ನನ್ನ ತಲೆ ತಿಂತಾನೆ."

"ದಿನಾ ಹಾಕ್ಕೊಳ್ಳೋರಿಗೆ ಇದನ್ನ ಕೊಡ್ಬೇಡಿ ಸಾರ್. ಒಂದಿನ ಹಾಕಿದ್ರೆ ಮಾರನೇ ದಿನ ಬಿಚ್ಚಿಟ್ಟು ಆರಿಸ್ಬೇಕು. ಮಳೆಗಾಲಕ್ಕೆ ಬೇರೆ ಬೆಲ್ಟು ಇರೋರು ಮಾತ್ರ ಇದನ್ನ ತಗೋಬೇಕು."

"ಮಾರೋರೇ ಕೊಡ್ಬೇಡಿ ಅಂದ್ರೆ ಹೆಂಗಮ್ಮ?" ಎಂದು ಅವರು ಒಂದು ಮರಳಿನ ಬಣ್ಣದ ಪಟ್ಟಿ ಎತ್ತಿ ಹೆಬ್ಬೆರಳಿನಿಂದ ಮೇಲಕ್ಕೊಮ್ಮೆ, ಕೆಳಕ್ಕೊಮ್ಮೆ ಸವರಿದರು. ಸವರಿದ ಕಡೆ ಬಣ್ಣ ಒಂದಿಷ್ಟು ಬದಲಾಗಿ ಮತ್ತೆ ಕೂಡಿಕೊಂಡಿತು.

"ನವಿರು ಗಿಡ್ಡ ಇರೋದನ್ನೇ ಆರಿಸ್ತೀನಿ. ಉದ್ದ ಇದ್ರೆ ನೋಡೋಕೆ ಚೆಂದ, ತೂತಿನ ಹತ್ರ ಬೇಗ ಬೋಳಾಗುತ್ತೆ. ಕೊಳೆ ಆದ್ರೆ ಪೆನ್ಸಿಲ್ ಅಳಿಸೋ ರಬ್ಬರಲ್ಲಿ ಉಜ್ಜಿದ್ರೆ ಸಾಕು."

"ಎಣ್ಣೆ ಹಚ್ಚಿದ್ರೆ? ನಮ್ಮೋರು ಚಪ್ಪಲಿಗೂ ಕೊಬ್ಬರಿ ಎಣ್ಣೆ ಹಚ್ತಾರೆ."

"ಎಣ್ಣೆ ಹಚ್ಚಿದ ದಿನ ಅದರ ತಿಥಿ."

ಗೋವಿಂದರಾಜು ನಕ್ಕರು. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ನಾಗಮಣಿಯ ತುಟಿ ಬಿಗಿಯಾಯಿತು. ಅಲ್ಲಿಗೆ ಕೋಣೆ ತನ್ನದೇ ಎಂದುಕೊಂಡು ಸಮನ್ವಿತಾ ಕಂದು ಪಟ್ಟಿಗಳ ಡಬ್ಬಿಯನ್ನು ತೆರೆದು ಅವರ ಮುಂದಿಟ್ಟಳು.

"ಇದು, ಇದು ಓಡುತ್ತೆ" ಎಂದು ಅವರು ಒಂದನ್ನು ಆರಿಸಿದರು. "ಬಣ್ಣ ಬಿಡಲ್ಲ ತಾನೆ?"

"ಇಲ್ಲ ಸಾರ್. ಪರೀಕ್ಷೆ ಮಾಡಿದೀನಿ."

"ನೀನು ಮಾಡಿದ್ದಲ್ಲ, ನಾನು ಮಾಡ್ಬೇಕು." ಅವರು ಬೆರಳಿನ ತುದಿಯನ್ನು ನೀರಿನ ಲೋಟಕ್ಕೆ ಅದ್ದಿ, ಪಟ್ಟಿಯ ಮೇಲೆ ಸವರಿ, ತಮ್ಮ ಪಂಚೆಯ ಮಡಿಕೆಗೆ ಹಚ್ಚಿ ತಿಕ್ಕಿದರು. ಎತ್ತಿ ನೋಡಿದರೆ ಕಂದು ಬಣ್ಣದ ಸುಳಿವಿಲ್ಲ. ಅಚ್ಚ ಹಳದಿ.

ಸಮನ್ವಿತಾಳಿಗೆ ಎಲ್ಲ ಒಮ್ಮೆಗೇ ಅರ್ಥವಾಯಿತು. ಗಾಢ ಬಣ್ಣದ ಮೇಲೆ ಹಳದಿ ಕಾಣುವುದಿಲ್ಲ, ಕಾಣಲಿಲ್ಲವೆಂದು ಇಲ್ಲವೆಂದುಕೊಂಡಿದ್ದಳು. ಬಿಸಿಲಿಗಿಡಬೇಕಾದವನ್ನು ಡಬ್ಬಿಯ ಕತ್ತಲಲ್ಲಿ ಕಾಪಾಡಿದ್ದಳು. ಕಾಲೇಜಿನ ಮೊದಲ ವರ್ಷದ ಹುಡುಗಿ ಮಾಡುವ ತಪ್ಪು ಅದು.

"ಅದು ನಾನಿಟ್ಟ ಅರಿಶಿನ ಕಣ್ರೀ" ಎಂದಳು ನಾಗಮಣಿ ಬಾಗಿಲಿನಿಂದ, ಯಾರೂ ಕೇಳುವ ಮುಂಚೆಯೇ. "ನಿನ್ನೆ ಪೂಜೆಗೆ."

"ನಿನ್ನೆ ಅವರು ಇಟ್ಟಿದ್ದು. ಹೋಗಿದೆ ಅಂದ್ಕೊಂಡು ನಿಮ್ಮ ಮುಂದೆ ತಂದಿಟ್ಟಿದ್ದು ನಾನು" ಎಂದಳು ಸಮನ್ವಿತಾ. "ಕಣ್ಣಿಗೆ ಕಾಣಿಸ್ಲಿಲ್ಲ."

"ಎಂಎಸ್ಸಿ ಓದಿದ ಕಣ್ಣು" ಎಂದು ನಾಗಮಣಿ ಲೋಟ ಕೆಳಗಿಟ್ಟಳು.

ಗೋವಿಂದರಾಜು ಪಂಚೆಯನ್ನೂ ಇಬ್ಬರ ಮುಖವನ್ನೂ ನೋಡಿದರು. "ನಿಮ್ಮ ಮನೆ ಜಗಳ ನನ್ನ ಪಂಚೆ ಮೇಲೆ ಬೇಡ ಕಣ್ರಮ್ಮ. ಇದನ್ನ ನಾನು ಗಿರಾಕಿ ಕೈಗೆ ಕಟ್ಟಿ, ಅವನ ಬಿಳೀ ಶರಟು ಹಿಂಗಾಗಿದ್ರೆ? ಕಂದು ಬೇಡ. ಆ ಬೂದಿಯವನ್ನ ತೋರಿಸ್ಲೂಬೇಡಿ, ಮೂಲೇಲಿ ಇಟ್ಟಿರೋದು ಇಲ್ಲಿಂದಲೇ ಕಾಣುತ್ತೆ." ಎದ್ದು ನಿಂತವರು ಮರಳಿನ ಬಣ್ಣದ ಪಟ್ಟಿಗಳನ್ನೂ ಒದ್ದೆ ಬೆರಳಿನಿಂದ ಒಂದೊಂದಾಗಿ ತಿಕ್ಕಿ, ಪಂಚೆಯ ಇನ್ನೊಂದು ಮಡಿಕೆಗೆ ಒರೆಸಿದರು. ಆ ಮಡಿಕೆ ಬಿಳಿಯಾಗಿಯೇ ಉಳಿಯಿತು. ಅವರಿಗೆ ನಿರಾಸೆಯಾದಂತೆಯೇ ಕಂಡಿತು. "ಇವನ್ನ ಒಯ್ತೀನಿ. ದಶಮಿ ದಿನ ಬರಿಗೈಲಿ ಹೋಗ್ಬಾರದು, ಅದಕ್ಕೆ. ಗಾಜಿನ ಪೆಟ್ಟಿಗೇಲಿ ಒಂದು ಮೂಲೆ ಕೊಡ್ತೀನಿ. ಸಂಕ್ರಾಂತಿವರೆಗೂ ಯಾರೂ ಕೇಳ್ಲಿಲ್ಲ ಅಂದ್ರೆ ಬಂದು ತಗೊಂಡು ಹೋಗು."

ಅವರು ಬೀದಿಯ ತಿರುವು ದಾಟುವ ಮುಂಚೆಯೇ ಒಳಗೆ ಹತ್ತಿಕೊಂಡಿತು.

"ತಗೊಂಡ್ರು. ಕೋಣೆ ನನ್ನದು" ಎಂದಳು ಸಮನ್ವಿತಾ.

"ಪಂಚೆ ಹಾಳಾಯ್ತು ಅಂತ ಬೈದು, ಶಾಸ್ತ್ರಕ್ಕೆ ನಾಲ್ಕು ತಗೊಂಡು ಹೋದ್ರು. ಅದನ್ನ ಒಪ್ಪಿದ್ದು ಅಂತಾರಾ? ಭಿಕ್ಷೆ ಅಂತಾರೆ."

"ನಿಮ್ಮ ಅರಿಶಿನ ಇಲ್ದಿದ್ರೆ ಎಲ್ಲಾನೂ ಒಯ್ತಿದ್ರು!"

"ನಿನ್ನ ಬುದ್ಧಿ ನೆಟ್ಟಗಿದ್ದಿದ್ರೆ ಆಗಲೂ ಒಯ್ತಿದ್ರು! ಬಿಸಿಲಿಗೆ ಇಡ್ಬೇಡ ಅಂತ ಕೈ ಹಿಡ್ಕೊಂಡಿದ್ನಾ?"

ಆ ಮಾತು ನಿಜವಾಗಿತ್ತು. ಸಮನ್ವಿತಾಳಿಗೆ ಮೈಯೆಲ್ಲ ಉರಿದದ್ದು ಅದಕ್ಕೇ.

ಈ ಸಲ ಪ್ರದ್ಯುಮ್ನ ತೀರ್ಪು ಕೊಡುವ ಗೋಜಿಗೆ ಹೋಗಲಿಲ್ಲ. ಮುಂದಿನ ವಾರ ಬೋಗಾದಿಯಿಂದ ಬಡಗಿ ನಿಂಗಯ್ಯನನ್ನು ಕರೆತಂದು, ಕೋಣೆಯ ನಡುವೆ ನೆಲದಿಂದ ಸೂರಿನವರೆಗೆ ಪ್ಲೈವುಡ್ ಹಾಕಿಸಿದ. ಕಿಟಕಿಯೂ ಸರಿಯಾಗಿ ಎರಡು ಪಾಲಾಯಿತು. ಆ ಕಡೆ ಕುಚ್ಚು, ಈ ಕಡೆ ಚರ್ಮ.

ಮೊದಲ ದಿನವೇ ಆ ಕಡೆಯಿಂದ ದನಿ ಬಂತು: "ಧೂಳು ಇನ್ನೂ ಬರ್ತಿದೆ ಕಣ್ರೀ, ನಿಮ್ಮ ತಂಗಿಗೆ ಹೇಳಿ."

"ಧೂಳು ಬರಲ್ಲ ಅಣ್ಣಾ, ಮಾತು ಬರುತ್ತೆ. ಇನ್ನೊಂದು ಹಲಗೆ ಹೊಡೆಸು."

"ಹನ್ನೆರಡು ಮಿಲಿಮೀಟರಿಂದು ಹಾಕಿದೀನಿ ಸ್ವಾಮಿ, ಗಟ್ಟಿ ಮಾಲು" ಎಂದ ನಿಂಗಯ್ಯ, ಉಳಿಗಳನ್ನು ಚೀಲಕ್ಕೆ ತುಂಬುತ್ತ.

ಸಮನ್ವಿತಾ ಚರ್ಮದ ದಪ್ಪ ನೋಡುವ ಕ್ಯಾಲಿಪರ್ ತೆಗೆದು, ಬಾಗಿಲ ಬದಿಯ ತೆರೆದ ಅಂಚಿಗೆ ಕಚ್ಚಿಸಿ, ಮೂರು ಕಡೆ ಅಳೆದಳು. ಮೂರೂ ಕಡೆ ಒಂದೇ ಬಂತು: 11.6 ಮಿಲಿಮೀಟರ್. ಹನ್ನೆರಡಕ್ಕೆ ಒಂದಿಷ್ಟು ಕಡಿಮೆ, ಮುಂದಿನ ಜಗಳಕ್ಕೆ ಸಾಕಷ್ಟು.